ಬೆನ್ನಚೀಲದ ದಿಂಬಿಗೂ ಅಳತೆ ಬೇಕು

ಚಾರಣಕ್ಕೆ ಹೊರಡುವವರು ಬೂಟಿಗಾಗಿ ನಾಲ್ಕು ಅಂಗಡಿ ಹತ್ತಿಳಿಯುತ್ತಾರೆ. ದಿಂಬಿನ ಮಾತು ಬಂದರೆ ಮಾತ್ರ 'ಒಂದು ರಾತ್ರಿಗೆ ಎಂಥಾ ದಿಂಬು ಮಾರಾಯ್ರೆ, ಬ್ಯಾಗೇ ಸಾಕು' ಅಂದುಬಿಡುತ್ತಾರೆ. ನಾನೂ ಹಾಗೆ ಅಂದವಳೇ. ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲಿ ಮೊದಲ ಸಲ ನಡೆದಾಗ ಅಘನಾಶಿನಿ ಊರಿನಲ್ಲಿ ಪರಿಚಯದವರ ಅಂಗಳದಲ್ಲಿ ಡೇರೆ ಹಾಕಿ, ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದೆ. ಬೆಳಿಗ್ಗೆ ಕೆನ್ನೆಯ ಮೇಲೆ ಬಕಲಿನ ಅಚ್ಚು, ಕತ್ತು ಎಡಕ್ಕೆ ತಿರುಗದು. ದೋಣಿಯಲ್ಲಿ ಹೊಳೆಯಾಚೆಯ ತದಡಿಗೆ ದಾಟುವಾಗ ಕಡಲು ಇರುವುದು ಎಡಕ್ಕೇ. ಬಲಗಡೆಯ ಹಿನ್ನೀರು ನೋಡಿಕೊಂಡು ಆಚೆ ದಡ ಸೇರಿದೆ.

ಬ್ಲೌಸು ಹೊಲಿಯುವುದು ನನ್ನ ಕಸುಬು. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಆದರೆ ಆಮೇಲೆ ಕೊಂಡ ಮೊದಲ ದಿಂಬನ್ನು ಬಣ್ಣ ನೋಡಿ ಕೊಂಡೆ, ದಡ್ಡಿ! ಅದು ಎರಡೂವರೆ ಇಂಚು ಎತ್ತರ, ನನಗೆ ಬೇಕಾದ್ದು ನಾಲ್ಕೂವರೆ.

ಅಳತೆ ತೆಗೆಯುವುದು ಸುಲಭ. ಗೋಡೆಗೆ ಒಂದು ಭುಜ ತಾಗಿಸಿ, ನೆಟ್ಟಗೆ ಮುಂದೆ ನೋಡುತ್ತ ನಿಲ್ಲಿ. ಕಿವಿಯಿಂದ ಗೋಡೆಗೆ ಎಷ್ಟು ದೂರ ಅಂತ ಇನ್ನೊಬ್ಬರಿಂದ ಟೇಪು ಹಿಡಿಸಿ. ನನ್ನದು ಐದು ಇಂಚು. ಮಲಗಿದಾಗ ಭುಜ ಕೊಂಚ ಮುಂದೆ ಜಾರುತ್ತದೆ, ಅದಕ್ಕೆ ಅರ್ಧ ಇಂಚು ಬಿಟ್ಟೆ. ಇದು ಮಗ್ಗುಲಾಗಿ ಮಲಗುವವರ ಲೆಕ್ಕ. ಅಂಗಾತ ಮಲಗುವವರಿಗೆ ಇದಕ್ಕಿಂತ ತಗ್ಗಿನದು ಸಾಕು, ಗದ್ದ ಎದೆಯ ಕಡೆ ಬಾಗಬಾರದು ಅಷ್ಟೆ. ಬೋರಲು ಮಲಗುವವರು ಪಂಚೆ ಮಡಚಿಟ್ಟುಕೊಂಡರೆ ಮುಗಿಯಿತು, ದುಡ್ಡು ಉಳಿಯಿತು.

ಮನೆಯ ದಿಂಬಿನ ಎತ್ತರ ನೋಡಿ ಕೊಳ್ಳಲು ಮಾತ್ರ ಹೋಗಬೇಡಿ. ಮನೆಯ ಹಾಸಿಗೆಯಲ್ಲಿ ಭುಜ ಹುಗಿಯುತ್ತದೆ, ಹಾಗಾಗಿ ತಗ್ಗು ದಿಂಬೂ ಸಾಲುತ್ತದೆ. ಡೇರೆಯೊಳಗಿನ ತೆಳು ಫೋಮ್ ಚಾಪೆಯಲ್ಲಿ ಭುಜ ಒಂದಿಷ್ಟೂ ಇಳಿಯುವುದಿಲ್ಲ, ಪೂರ್ತಿ ಎತ್ತರ ಬೇಕು. ಗಾಳಿ ತುಂಬುವ ದಪ್ಪ ಹಾಸಿಗೆ ನಿಮ್ಮದಾದರೆ ಮತ್ತೆ ಒಂದಿಂಚು ಕಡಿಮೆ ಮಾಡಿ.

ಇನ್ನು ದಿಂಬಿನ ಜಾತಿ. ಬಟ್ಟೆಯನ್ನೇ ಚೀಲಕ್ಕೆ ತುರುಕಿ ದಿಂಬು ಮಾಡುವುದು ಎಲ್ಲರೂ ಹೇಳುವ ಉಪಾಯ. ಹಿಮಾಲಯಕ್ಕೆ ಹೋಗುವವರಿಗೆ ಅಡ್ಡಿಲ್ಲ, ಅವರ ಹತ್ತಿರ ದಪ್ಪ ಜಾಕೀಟು ಇರುತ್ತದೆ. ನಮ್ಮ ಕರಾವಳಿಯಲ್ಲಿ ಸ್ವೆಟರ್ ಹೊರುವವರು ಯಾರು? ಎರಡು ಅಂಗಿ, ಒಂದು ಟವೆಲು ತುರುಕಿದರೆ ದಿಂಬಲ್ಲ, ಗಂಟು ಆಗುತ್ತದೆ. ಹಕ್ಕಿಯ ಪುಕ್ಕದ ದಿಂಬು ಹಗುರ, ಮೆತ್ತಗೆ, ಆದರೆ ತೇವ ಎಳೆದುಕೊಂಡರೆ ಚಪ್ಪಟೆ. ಮನೆಯ ಬೂರುಗದ ಹತ್ತಿಯ ದಿಂಬಿನ ಮೇಲೆ ನನಗೆ ಪ್ರೀತಿ ಜಾಸ್ತಿ. ಬೂರುಗದ ಎಳೆ ಒಳಗೆ ಟೊಳ್ಳು, ಮೇಲೆ ಮೇಣದ ಹೊದಿಕೆ, ನೀರು ಬೇಗ ಹಿಡಿಯದು. ಹಿಂದೆ ಜೀವರಕ್ಷಕ ಅಂಗಿಗಳಿಗೂ ಅದನ್ನೇ ತುಂಬುತ್ತಿದ್ದರು. ಆದರೆ ಬ್ಯಾಗಿನಲ್ಲಿ ಒತ್ತಿ ಒತ್ತಿ ಇಟ್ಟರೆ ಎಳೆ ಮುರಿದು ಗಂಟುಕಟ್ಟುತ್ತದೆ.

ಉಳಿದದ್ದು ಎರಡು. ಫೋಮಿನ ದಿಂಬು ಸುಮಾರು 200ರಿಂದ 300 ಗ್ರಾಂ ತೂಗುತ್ತದೆ, ಮಡಚಿದರೂ ತೆಂಗಿನಕಾಯಿಯಷ್ಟು ಜಾಗ ತಿನ್ನುತ್ತದೆ. ಗಾಳಿದಿಂಬು 70ರಿಂದ 100 ಗ್ರಾಂ, ಮುಷ್ಟಿಯಲ್ಲಿ ಹಿಡಿಸುತ್ತದೆ. ಕಾರಿನಲ್ಲಿ ಹೋಗಿ ಡೇರೆ ಹಾಕುವವರು ಕಣ್ಣು ಮುಚ್ಚಿ ಫೋಮು ಕೊಳ್ಳಿ. ಬೆನ್ನ ಮೇಲೆ ಹೊರುವವರಿಗೆ ಗಾಳಿಯದೇ ಸರಿ.

ಗಾಳಿದಿಂಬು ಕೊಳ್ಳುವಾಗ ಪಿವಿಸಿ ಪ್ಲಾಸ್ಟಿಕ್ಕಿನದು ಬಿಟ್ಟು, ಟಿಪಿಯು ಎಂಬ ಬಳುಕುವ ಪ್ಲಾಸ್ಟಿಕ್ಕಿನ ಲೇಪದ್ದನ್ನು ಕೇಳಿ. ಹಗುರ, ವಾಸನೆಯೂ ಇಲ್ಲ. ವಾಲ್ವ್ ಚಪ್ಪಟೆಯಾಗಿರಲಿ, ಊದುವಾಗ ಬಾಯಿ ತೆಗೆದರೂ ಗಾಳಿ ವಾಪಸು ಬರಬಾರದು. ನಡುವೆ ತಲೆ ಕೂರಲು ತಗ್ಗು ಇರಲಿ. ಅಂಗಡಿಯಲ್ಲೇ ಊದಿ, ನೆಲದ ಮೇಲೆ ಮಲಗಿ ನೋಡಿ. ನಾಚಿಕೆ ಬೇಡ. ಪೂರ್ತಿ ಬಿಗಿಯಾಗಿ ಊದಿ, ತಲೆಯಿಟ್ಟುಕೊಂಡೇ ಚೂರು ಚೂರು ಗಾಳಿ ಬಿಡಿ. ಕಲ್ಲಂಗಡಿಯ ಮೇಲೆ ಮಲಗಿದಂತೆ ಆಯಿತು ಎಂದು ದೂರುವವರೆಲ್ಲ ಬಿಗಿ ಊದಿ ಹಾಗೇ ಬಿಟ್ಟವರು.

ಹೊರಡುವ ಮೊದಲು ಮನೆಯಲ್ಲಿ ಒಂದು ರಾತ್ರಿ ಅದರ ಮೇಲೇ ಮಲಗಿ. ನಸುಕಿಗೆ ಕೊಂಚ ಮೆತ್ತಗಾದರೆ ತೂತು ಎಂದು ಗಾಬರಿ ಬೀಳಬೇಡಿ. ಊದಿದ ಉಸಿರು ಬೆಚ್ಚಗಿರುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ. ಮಲಗುವ ಮುಂಚೆ ಇನ್ನೊಂದು ಉಸಿರು ಸೇರಿಸಿದರಾಯಿತು. ಪೂರ್ತಿ ಇಳಿದಿದ್ದರೆ ಸೋಪಿನ ನೀರು ಸವರಿ, ಗುಳ್ಳೆ ಏಳುವಲ್ಲಿ ಒರೆಸಿ ಒಣಗಿಸಿ, ಜೊತೆಗೆ ಕೊಟ್ಟ ತೇಪೆ ಹಚ್ಚಿ.

ತೇಪೆ ಹಚ್ಚುವುದು ನನಗೆ ಚೆನ್ನಾಗಿ ಗೊತ್ತು. ಗಾಳಿದಿಂಬಿನ ಮೇಲ್ಬಟ್ಟೆ ನಮ್ಮ ಸೆಕೆಗೆ ಕೆನ್ನೆಗೆ ಅಂಟುತ್ತದೆ. ಅದಕ್ಕೆ ಹಳೆಯ ನೂಲಿನ ಪಂಚೆಯಿಂದ ಗವಸು ಹೊಲಿಯಲು ಕೂತೆ. ಅಭ್ಯಾಸಬಲ ನೋಡಿ, ಬಟ್ಟೆ ಹೊದಿಸಿ, ಊದಿದ ದಿಂಬಿಗೇ ಗುಂಡುಪಿನ್ನು ಚುಚ್ಚಿದೆ. ಸುಸ್ ಅಂತು. ಪಕ್ಕದ ಮೆಷಿನ್ನಿನಲ್ಲಿದ್ದ ಹುಡುಗಿ ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.

ಗವಸು ಹೀಗೆ ಹೊಲಿಯಿರಿ: ಅಳತೆಯನ್ನು ಊದಿದ ದಿಂಬಿನ ಮೇಲೆ ತೆಗೆಯಿರಿ. ಚಪ್ಪಟೆ ಇದ್ದಾಗ ತೆಗೆದರೆ ಉದ್ದ, ಅಗಲ ಎರಡೂ ಜಾಸ್ತಿ ಬಂದು ಗವಸು ಜೋತುಬೀಳುತ್ತದೆ. ಗುಂಡಿ, ಜಿಪ್ಪು ಬೇಡ. ಹಿಂದುಗಡೆ ಎರಡು ಅಂಚು ಮೂರು ಇಂಚು ಒಂದರ ಮೇಲೊಂದು ಬರುವಂತೆ ಬಿಡಿ, ದಿಂಬು ಅದರೊಳಗೆ ತೂರುತ್ತದೆ. ಕೆಳಬದಿಗೆ ಅಗಲದ ಇಲಾಸ್ಟಿಕ್ಕಿನ ಒಂದು ಪಟ್ಟಿ ಹೊಲಿದು, ಅದನ್ನು ಚಾಪೆಯ ತಲೆಗಡೆ ಸುತ್ತ ಸಿಕ್ಕಿಸಿ. ನಡುರಾತ್ರಿ ದಿಂಬು ಜಾರಿ ಡೇರೆಯ ಮೂಲೆ ಸೇರುವ ಕಾಟ ಅಲ್ಲಿಗೆ ತೀರಿತು. ನನ್ನ ಗವಸು ಅಡುಗೆಮನೆಯ ತಕ್ಕಡಿಯಲ್ಲಿ 40 ಗ್ರಾಂ ಬಂತು.

ವಾಪಸು ಬಂದ ಮೇಲೆ ಗವಸು ತೊಳೆಯಿರಿ. ಉಸಿರಿನ ಜೊತೆ ತೇವವೂ ದಿಂಬಿನ ಒಳಗೆ ಹೋಗಿರುತ್ತದೆ, ಮಡಚಿ ಕಪಾಟಿಗೆ ಹಾಕಿದರೆ ಮಳೆಗಾಲ ಮುಗಿಯುವುದರೊಳಗೆ ಒಳಗೆ ಬೂಷ್ಟು. ಸೈಕಲ್ ಪಂಪಿಗೆ ಹೊಂದುವ ವಾಲ್ವ್ ಅಲ್ಲ ಅದು, ಒಣ ಗಾಳಿ ಹೊಡೆದು ಒಣಗಿಸುತ್ತೇನೆ ಅನ್ನಬೇಡಿ. ವಾಲ್ವ್ ತೆರೆದು, ಬಿಸಿಲು ಬೀಳದ ಕಡೆ ಸಡಿಲವಾಗಿ ತೂಗುಹಾಕಿ. ನನ್ನದು ಮೆಷಿನ್ನಿನ ಪಕ್ಕದ ಮೊಳೆಯಲ್ಲಿ ಇದೆ, ಪಿನ್ನಿನ ಡಬ್ಬಿಯಿಂದ ಮಾರು ದೂರ.