ಎಲ್ಲರಿಗೂ ಒಂದೇ ಅಪಾಯ: ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ಕೊಪ್ಪಳ, ರಾಯಚೂರು ಕಡೆಯ ಡಿಗ್ರಿ ಹುಡುಗರು ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧ ಬರೆದರೆ ‘ಇನ್ ದ ಸೇಮ್ ಬೋಟ್’, ಅಂದರೆ ಎಲ್ಲರೂ ಒಂದೇ ಕಷ್ಟದಲ್ಲಿದ್ದಾರೆ ಅನ್ನುವ ಮಾತು, ಎಲ್ಲಾದರೂ ಒಂದು ಕಡೆ ಬಂದೇ ಬರುತ್ತದೆ. ಒಳ್ಳೆಯ ಮಾತೇ. ಆದರೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಅಂತ ನೋಡಿ ಬಳಸಬೇಕು.

ಮೊದಲು ಅಪಾಯ ನಿಜವಾಗಿಯೂ ಎಲ್ಲರಿಗೂ ಒಂದೇನಾ ಎಂದು ಕೇಳಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಕೂಡಿಟ್ಟ ನೀರು ನದಿಗೆ ಹರಿಯಿತು. ಆಗ ಗಂಗಾವತಿಯ ರೈತರಿಗೂ ಸಿರುಗುಪ್ಪದ ರೈತರಿಗೂ ಒಂದೇ ಚಿಂತೆ, ಬೆಳೆಗೆ ನೀರು ಉಳಿಯುತ್ತದಾ ಅಂತ. ಇವರಿಬ್ಬರೂ ‘ವರ್ ಇನ್ ದ ಸೇಮ್ ಬೋಟ್’ ಎಂದು ಬರೆದರೆ ಸರಿ.

ಆದರೆ ಆ ಡ್ಯಾಮಿನ ಎಡದಂಡೆ ಕಾಲುವೆಯ ಮೇಲ್ಭಾಗದವರಿಗೆ ನೀರು ಸಿಕ್ಕಿ, ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ಹೊಲಗಳು ಒಣಗಿದ ವರ್ಷ ಈ ವಾಕ್ಯ ಸುಳ್ಳಾಗುತ್ತದೆ. ಕಾಲುವೆ ಒಂದೇ ಇರಬಹುದು, ಕಷ್ಟ ಒಂದೇ ಅಲ್ಲ. ಅದನ್ನು ಓದಿದ ಕೊನೆ ಭಾಗದ ರೈತನ ಹೊಟ್ಟೆ ಉರಿಯದೆ ಇರುತ್ತದಾ? ಅಂಥಲ್ಲಿ ‘ಟೇಲ್-ಎಂಡ್ ಫಾರ್ಮರ್ಸ್ ಸಫರ್ ದ ಮೋಸ್ಟ್’ ಎಂದು ನೇರವಾಗಿ ಬರೆಯಿರಿ.

ವ್ಯಾಕರಣ ಸುಲಭ. ‘ಆನ್’ ಅಲ್ಲ, ‘ಇನ್’. ‘ಎ ಸೇಮ್’ ಅಲ್ಲ, ‘ದ ಸೇಮ್’. ಜನ ಎಷ್ಟೇ ಇರಲಿ, ‘ಬೋಟ್ಸ್’ ಆಗುವುದಿಲ್ಲ.

ನಿಜವಾದ ದೋಣಿ ಇರುವ ಕಡೆ ಈ ಮಾತು ಬೇಡ. ಕೃಷ್ಣೆ ಉಕ್ಕಿದಾಗ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಜನರ ಬಗ್ಗೆ ಹೀಗೆ ಬರೆದರೆ, ಅವರನ್ನು ಒಂದೇ ಬೋಟಿನಲ್ಲಿ ಕರೆತಂದರು ಎಂದೇ ಓದುಗರು ತಿಳಿಯುತ್ತಾರೆ.

‘ಸಿಂಕ್ ಆರ್ ಸ್ವಿಮ್’ ಜಾಸ್ತಿ ತಪ್ಪಾಗಿ ಬಳಕೆಯಾಗುತ್ತದೆ. ಯಾರ ಸಹಾಯವೂ ಇಲ್ಲ, ಈಜಿದರೆ ಉಳಿದೆ ಅನ್ನುವ ಸ್ಥಿತಿ ಅದು. ಎಲ್ಲರೂ ಸೇರಿ ಎನ್ನಬೇಕಾದರೆ ‘ಟುಗೆದರ್’ ಸೇರಿಸಲೇಬೇಕು.

ಇನ್ನೊಂದು, ‘ಕ್ಯಾನರಿ ಇನ್ ದ ಕೋಲ್ ಮೈನ್’. ಬ್ರಿಟನ್ನಿನ ಕಲ್ಲಿದ್ದಲು ಗಣಿಗೆ ಇಳಿಯುವವರು ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರು. ಗಣಿಯೊಳಗಿನ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಕ್ಕಿ ಮೊದಲು ಕುಸಿದರೆ ಆಳುಗಳು ಮೇಲೆ ಬರುತ್ತಿದ್ದರು. ಈ ಪದ್ಧತಿ 1986ರವರೆಗೂ ಇತ್ತು. ಹಾಗಾಗಿ ಎಲ್ಲರಿಗೂ ಬರಲಿರುವ ಅಪಾಯದ ಮೊದಲ ಗುರುತಿಗೆ ಇದು ಹೊಂದುತ್ತದೆ. ವರ್ಷಕ್ಕೆ ಎರಡು ಸಲ ಭತ್ತಕ್ಕೆಂದು ನೀರು ಕಟ್ಟಿ ನಿಲ್ಲಿಸಿ ಮೊದಲು ಸವಳಾದ ಹೊಲವನ್ನು ಹೀಗೆ ಕರೆಯಬಹುದು. ಮನುಷ್ಯರನ್ನು ಮಾತ್ರ ಕರೆಯಬೇಡಿ. ಕಾಯಿಲೆ ಬಿದ್ದವರು ಯಾರಿಗೋ ಎಚ್ಚರಿಕೆ ಕೊಡಲು ಬಿದ್ದವರಲ್ಲ. ಹಟ್ಟಿ ಚಿನ್ನದ ಗಣಿಯ ಬಗ್ಗೆ ಬರೆಯುವಾಗ ‘ಗೋಲ್ಡ್ ಮೈನ್’ ಎಂದು ಬದಲಿಸಲೂ ಬೇಡಿ. ಆಡುಮಾತಿನಲ್ಲಿ ಅದರರ್ಥ ದುಡ್ಡಿನ ಗಣಿ, ಪೂರ್ತಿ ಬೇರೆ.

ಒಂದು ಪ್ಯಾರಾಕ್ಕೆ ಇಂಥ ಒಂದೇ ಮಾತು ಸಾಕು.

ಬರೆದು ಮುಗಿದ ಮೇಲೆ ವಾಕ್ಯದಲ್ಲಿರುವ ‘ವೀ’ (ನಾವು) ಹೊಡೆದುಹಾಕಿ, ಆ ಜಾಗದಲ್ಲಿ ಯಾರು ಯಾರು ಅಂತ ಹೆಸರು ಬರೆಯಿರಿ: ರೈತರು, ಕೂಲಿಯವರು, ಅಕ್ಕಿ ಗಿರಣಿಯವರು, ನೀವು. ಯಾರ ಹೆಸರು ಅಲ್ಲಿ ಕೂರುವುದಿಲ್ಲವೋ ಅವರನ್ನು ತೆಗೆದು ವಾಕ್ಯ ಮತ್ತೆ ಕಟ್ಟಿ.