ಈಜಿಪ್ಟಿನ ಸುಣ್ಣಕಲ್ಲಿನ ಕೆತ್ತನೆ: ಮೊದಲು ನೆರಳು ನೋಡಿ

ಗದಗಿನಲ್ಲಿ ನಾನು ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಮ್ಯೂಸಿಯಂನಲ್ಲಿರುವ ಈಜಿಪ್ಟ್ ಕಲ್ಲುಗಳ ಫೋಟೊ ತೋರಿಸಿದರೆ ಎಲ್ಲರ ಕಣ್ಣೂ ಸೀದಾ ಮುಖಕ್ಕೇ ಹೋಗುತ್ತದೆ. ಮುಖ ಆಮೇಲೆ ನೋಡಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ, ಅದನ್ನು ಮೊದಲು ಹುಡುಕಿ.

ಏಕೆಂದರೆ ಈ ಕೆತ್ತನೆ ಬಹಳ ತೆಳು. ಎಷ್ಟೋ ಕಡೆ ಕೆಲವೇ ಮಿಲಿಮೀಟರ್. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯಲ್ಲಿ ಬಳಪದ ಕಲ್ಲನ್ನು ಆಳಕ್ಕೆ ಕೊರೆದಿದ್ದಾರಲ್ಲ, ಹಾಗಲ್ಲ ಇದು. ಬೆಳಕು ನೇರ ಎದುರಿನಿಂದ ಬಿದ್ದರೆ ಅರ್ಧ ಕೆಲಸ ಕಾಣುವುದೇ ಇಲ್ಲ. ಬೇಕಾದರೆ ಕತ್ತಲೆ ಕೋಣೆಯಲ್ಲಿ ಮೇಜಿನ ಮೇಲೆ ಒಂದು ನಾಣ್ಯ ಇಡಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯಿರಿ. ಆಮೇಲೆ ಮೇಜಿನ ಮಟ್ಟಕ್ಕೆ ಇಳಿಸಿ, ಪಕ್ಕದಿಂದ ಬಿಡಿ. ಒಂದೊಂದು ಅಕ್ಷರವೂ ಎದ್ದು ನಿಲ್ಲುತ್ತದೆ.

ಈಗ ಅಂಚುಗಳಿಗೆ ಬನ್ನಿ. ಬೆಳಕು ಎಡದಿಂದ ಬಂದಿದ್ದು, ಆಕೃತಿಯ ಬಲ ಅಂಚಿನಾಚೆ ನೆರಳಿದ್ದರೆ ಅದು ಉಬ್ಬು ಕೆತ್ತನೆ: ಹಿನ್ನೆಲೆಯನ್ನು ಪೂರ್ತಿ ಕೆತ್ತಿ ತಗ್ಗಿಸಿದ್ದಾರೆ. ಎಡ ಅಂಚಿನ ಒಳಗೇ ನೆರಳಿದ್ದರೆ ತಗ್ಗು ಕೆತ್ತನೆ: ಹಿನ್ನೆಲೆ ಹಾಗೇ ಬಿಟ್ಟು ಆಕೃತಿಯನ್ನೇ ಕಲ್ಲಿನೊಳಕ್ಕೆ ಇಳಿಸಿದ್ದಾರೆ. ಬಿಸಿಲು ಬೀಳುವ ಹೊರಗೋಡೆಗಳಿಗೆ ಜಾಸ್ತಿ ಬಳಸಿದ್ದು ಇದನ್ನೇ. ಕಡು ಬಿಸಿಲಿನಲ್ಲೂ ಗೆರೆ ಕಪ್ಪಗೆ ಉಳಿಯುತ್ತದೆ. ಎಂಥ ಲೆಕ್ಕಾಚಾರ ಅಲ್ವಾ?

ಮುಖ ಪಕ್ಕದಿಂದ, ಕಣ್ಣು ಮತ್ತು ಭುಜ ಎದುರಿನಿಂದ ಕಾಣುತ್ತವೆ. ಇದನ್ನು ದಯವಿಟ್ಟು ತಪ್ಪು ಅನ್ನಬೇಡಿ. ಪ್ರತಿ ಅಂಗವನ್ನೂ ಅದು ಚೆನ್ನಾಗಿ ಗುರುತಾಗುವ ಕಡೆಯಿಂದಲೇ ತೋರಿಸಿದ್ದಾರೆ. ಕೆತ್ತುವ ಮೊದಲು ಕೆಂಪು ಬಣ್ಣದಲ್ಲಿ ಚೌಕ ಹಾಕುತ್ತಿದ್ದರು. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ ಅನ್ನುವುದು ಬಹುಕಾಲ ನಡೆದ ಲೆಕ್ಕ. ಅರ್ಧಕ್ಕೆ ನಿಂತ ಕೆತ್ತನೆಗಳಲ್ಲಿ ಆ ಕೆಂಪು ಗೆರೆ ಇನ್ನೂ ಸಿಗುತ್ತದೆ. ನನಗೆ ಮುಗಿದ ಕೆಲಸಕ್ಕಿಂತ ಇವೇ ಹೆಚ್ಚು ಇಷ್ಟ.

ಚಿತ್ರಲಿಪಿ ಇದ್ದರೆ ಹಕ್ಕಿಗಳ ಮುಖ ನೋಡಿ. ಅವು ಯಾವ ಕಡೆ ನೋಡುತ್ತವೋ ಆ ಕಡೆಯಿಂದ ಓದು ಶುರು.

ಅಭ್ಯಾಸಕ್ಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಪೆರ್ನೆಬ್ ಎಂಬ ಅಧಿಕಾರಿಯ ಸಮಾಧಿ ಹುಡುಕಿ. ಈಜಿಪ್ಟಿನ ಸಕ್ಕಾರಾದ ಈ ಸಮಾಧಿಯನ್ನು ಮ್ಯೂಸಿಯಂ 1913ರಲ್ಲಿ ಕೊಂಡಿತು. ಫೋಟೊ ದೊಡ್ಡದು ಮಾಡಿ, 2ಬಿ ಪೆನ್ಸಿಲ್ ಹಿಡಿದು ನೆರಳನ್ನಷ್ಟೇ ತುಂಬಿ. ಹೊರಗೆರೆ ಬೇಡ. ಕೆತ್ತನೆಯಲ್ಲಿ ಕಾಣುವ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ ಉದ್ದ ರೊಟ್ಟಿ ಹೋಳುಗಳಿಂದ ಶುರು ಮಾಡಿ. ಅವುಗಳ ಅಂಚು ಸರಳ, ಕೈ ಬೇಗ ಕೂಡುತ್ತದೆ. ಬೆರಳು, ವಿಗ್ಗು ಆಮೇಲೆ.