ದುಡಿಯುವ ವ್ಯಾನ್ ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ?

ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ, ಪೇಂಟರ್, ಎ.ಸಿ. ರಿಪೇರಿ ಮಾಡುವವರು... ಕಸುಬು ಯಾವುದೇ ಇರಲಿ, ವ್ಯಾನ್ ನಿಂತ ದಿನ ಸಂಪಾದನೆಯೂ ನಿಂತಂತೆ. ಮೀಟರಿನಲ್ಲಿ ಎಷ್ಟು ಕಿಲೋಮೀಟರ್ ತೋರಿಸುತ್ತಿದೆ ಎಂಬುದರಿಂದಲೇ ವ್ಯಾನಿನ ಆಯಸ್ಸು ತೀರ್ಮಾನವಾಗುವುದಿಲ್ಲ. ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ ಎರಡು ಲಕ್ಷ ಕಿ.ಮೀ. ಓಡಿದ ಎಂಜಿನ್, ಊರೊಳಗೇ ಗಲ್ಲಿ ಗಲ್ಲಿ ಸುತ್ತಿ ಎಂಬತ್ತು ಸಾವಿರ ಮುಟ್ಟಿದ ಎಂಜಿನ್‌ಗಿಂತ ಗಟ್ಟಿಯಾಗಿರುವುದುಂಟು. ಕಸುಬಿನ ವ್ಯಾನನ್ನು ಹಾಳು ಮಾಡುವುದು ಮಿತಿ ಮೀರಿದ ಹೊರೆ, ಎಂಜಿನ್ ಬಿಸಿಯೇರುವ ಮೊದಲೇ ಮುಗಿಯುವ ಓಡಾಟ ಮತ್ತು ದಿನ ತಪ್ಪಿದ ಸರ್ವಿಸ್. ಇವೆಲ್ಲ ಮಾಲೀಕರ ಕೈಯಲ್ಲೇ ಇರುವಂಥವು. ಇಲ್ಲಿ ಹೇಳಿರುವುದು ಮುಖ್ಯವಾಗಿ ಡೀಸೆಲ್ ವ್ಯಾನಿಗೆ ಅನ್ವಯಿಸುತ್ತದೆ.

ಮೊದಲು ತೂಕ ಹಾಕಿಸಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಈ ಕೆಲಸವನ್ನೇ ಹೆಚ್ಚಿನವರು ಮಾಡಿರುವುದಿಲ್ಲ. ಮಾಮೂಲಿ ಕೆಲಸಕ್ಕೆ ಹೊರಡುವಂತೆಯೇ ಸಾಮಾನು, ಏಣಿ, ಜೊತೆಗಾರ, ತುಂಬಿದ ಟ್ಯಾಂಕ್ ಸಮೇತ ವ್ಯಾನನ್ನು ವೇಬ್ರಿಡ್ಜ್‌ಗೆ ಒಯ್ಯಿರಿ. ಒಟ್ಟು ತೂಕ ಒಮ್ಮೆ, ಮುಂದಿನ ಆಕ್ಸಲ್ ಒಮ್ಮೆ, ಹಿಂದಿನ ಆಕ್ಸಲ್ ಒಮ್ಮೆ ಬರೆದುಕೊಳ್ಳಿ. ತಯಾರಕರು ಕೊಟ್ಟಿರುವ ಮಿತಿಗಳು ಬಾಗಿಲ ಕಂಬದ ಮೇಲೋ ಬಾನೆಟ್ ಕೆಳಗೋ ಇರುವ ಫಲಕದಲ್ಲಿ ಇರುತ್ತವೆ.

ಹೊರೆಯ ಮಿತಿ ಎಷ್ಟು ಬೇಗ ಕರಗಿಹೋಗುತ್ತದೆ ನೋಡಿ. ಒಟ್ಟು ಮಿತಿ 2,800 ಕೆ.ಜಿ., ಖಾಲಿ ವ್ಯಾನಿನ ತೂಕ 1,900 ಕೆ.ಜಿ. ಎಂದುಕೊಳ್ಳೋಣ. ಲೆಕ್ಕಕ್ಕೆ ಉಳಿಯುವುದು 900. ಒಳಗಿನ ರ್‍ಯಾಕ್ ಮತ್ತು ಪ್ಲೈವುಡ್ 120, ಮೇಲಿನ ಕ್ಯಾರಿಯರ್ ಹಾಗೂ ಏಣಿ 40, ಪರಿಕರಗಳು 180, ಜೊತೆಗಾರ 80. ಸಾಮಗ್ರಿ ಏರಿಸುವ ಮೊದಲೇ 420 ಕೆ.ಜಿ. ಹೋಯಿತು. ಉಳಿದ 480ರಲ್ಲಿ 50 ಕೆ.ಜಿ.ಯ ಸಿಮೆಂಟ್ ಮೂಟೆ ಒಂಬತ್ತು ಹಿಡಿಯುತ್ತವೆ, ಹತ್ತನೆಯದಕ್ಕೆ ಜಾಗವಿದ್ದರೂ ಮಿತಿಯಿಲ್ಲ. ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿದೆಯೋ ಇಲ್ಲವೋ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಸೇರಿರದಿದ್ದರೆ ಅದನ್ನೂ ಕಳೆಯಬೇಕು.

ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಮೂರು ಮೀಟರ್ ಇರುವ ವ್ಯಾನಿನಲ್ಲಿ, ಹಿಂದಿನ ಆಕ್ಸಲ್‌ನಿಂದ 60 ಸೆಂ.ಮೀ. ಹಿಂದಕ್ಕೆ, ಬಾಗಿಲ ಬಳಿ 100 ಕೆ.ಜಿ. ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 120 ಕೆ.ಜಿ. ಮುಂದಿನ ಚಕ್ರಗಳಿಂದ 20 ಕೆ.ಜಿ. ಎದ್ದುಹೋಗುತ್ತದೆ. ಸ್ಟೀರಿಂಗ್ ಹಗುರವಾಗಿ, ಮುಂದಿನ ಚಕ್ರ ಎಳೆಯುವ ವ್ಯಾನಿನಲ್ಲಿ ಒದ್ದೆ ರಸ್ತೆಯ ಹಿಡಿತವೂ ತಪ್ಪುತ್ತದೆ. ಆದ್ದರಿಂದ ಭಾರದ ಸಾಮಾನು ಆದಷ್ಟು ಕೆಳಗೆ, ಚಾಲಕನ ಹಿಂದಿನ ಗೋಡೆಗೆ ತಾಗಿದಂತೆ ಇರಲಿ. ಪೈಪಿನ ಜೋಡಣೆ, ಸ್ವಿಚ್, ಸ್ಕ್ರೂ ಡಬ್ಬಿಯಂಥ ಹಗುರದ ಚಿಲ್ಲರೆ ಬಾಗಿಲ ಬಳಿ ಇರಲಿ. ವರ್ಷಕ್ಕೊಮ್ಮೆ ವ್ಯಾನನ್ನು ಪೂರ್ತಿ ಬರಿದು ಮಾಡಿ. ಆರು ತಿಂಗಳಿಂದ ಮುಟ್ಟದ ಸಾಮಾನನ್ನು ಮತ್ತೆ ಏರಿಸಬೇಡಿ. ಹೊರೆ ಇಳಿದಷ್ಟೂ ಬ್ರೇಕ್, ಕ್ಲಚ್, ಟೈರು, ಡೀಸೆಲ್ ಎಲ್ಲವೂ ಉಳಿಯುತ್ತವೆ.

ಟೈರು: ಗಾಳಿ ಹೊರೆಗೆ ತಕ್ಕಂತಿರಲಿ

ಫಲಕದಲ್ಲಿ ಗಾಳಿಯ ಒತ್ತಡಕ್ಕೆ ಎರಡು ಅಂಕಿಗಳಿರುತ್ತವೆ: ಖಾಲಿ ಇದ್ದಾಗ ಎಷ್ಟು, ತುಂಬಿದಾಗ ಎಷ್ಟು. ದಿನವೂ ತುಂಬಿಕೊಂಡೇ ಓಡುವ ವ್ಯಾನಿಗೆ ಎರಡನೆಯದೇ ಸರಿ. ಕಾರಿಗೆ ಹಿಡಿಸುವಷ್ಟೇ ಗಾಳಿ ಹಾಕಿ ಹೊರೆ ಹೊರಿಸಿದರೆ ಟೈರಿನ ಪಕ್ಕದ ಗೋಡೆ ಸುತ್ತು ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಒಳಗೆ ಬಿಸಿ ಏರುತ್ತದೆ, ಪದರಗಳು ಬೇರ್ಪಡುತ್ತವೆ, ಕೊನೆಗೊಂದು ದಿನ ಸಿಡಿಯುತ್ತದೆ. ಗಾಳಿ ನೋಡುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ.

ಹೊಸ ಟೈರು ಕೊಳ್ಳುವಾಗ ಅಳತೆಯ ಜೊತೆಗೆ ಭಾರದ ಸೂಚ್ಯಂಕವನ್ನೂ ಓದಿ. 104/102 ಎಂದಿದ್ದರೆ, ಒಂಟಿ ಚಕ್ರವಾದಾಗ ಆ ಟೈರು 900 ಕೆ.ಜಿ. ತಾಳುತ್ತದೆ, ಜೋಡಿ ಚಕ್ರದಲ್ಲಿ ತಲಾ 850 ಕೆ.ಜಿ. ಅಳತೆ ಸರಿ ಇದೆಯೆಂದು ಕಾರಿನ ಟೈರು ಹಾಕಿಸುವುದು ಉಳಿತಾಯವಲ್ಲ, ಅಪಾಯ. ಪಕ್ಕದಲ್ಲಿ ನಾಲ್ಕು ಅಂಕಿಯ ತಯಾರಿಕೆಯ ಗುರುತೂ ಇರುತ್ತದೆ; 3521 ಎಂದರೆ 2021ರ 35ನೇ ವಾರ. ಟೈರಿನ ಗೀರುಗಳ ಆಳಕ್ಕೆ ಅನೇಕ ದೇಶಗಳಲ್ಲಿ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಭಾರದ ವ್ಯಾನಿನಲ್ಲಿ 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು, ಏಕೆಂದರೆ ಒದ್ದೆ ರಸ್ತೆಯಲ್ಲಿ ನಿಲ್ಲಲು ಬೇಕಾಗುವ ದೂರ ಆ ಹಂತದಿಂದ ವೇಗವಾಗಿ ಹೆಚ್ಚುತ್ತದೆ. ಚಕ್ರ ಬಿಚ್ಚಿ ಹಾಕಿಸಿದ ಮೇಲೆ ಸುಮಾರು 50 ಕಿ.ಮೀ. ಓಡಿಸಿ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ.

ಎಂಜಿನ್: ಆಯಿಲ್ ಮತ್ತು ಡಿಪಿಎಫ್

ಈಗಿನ ಡೀಸೆಲ್ ವ್ಯಾನ್‌ಗಳಲ್ಲಿ ಕಸುಬಿನವರನ್ನು ಅತಿ ಹೆಚ್ಚು ಕಾಡುವ ಭಾಗ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದು ಕಟ್ಟಿಕೊಳ್ಳುವುದು ಏಕೆಂದು ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಮಸಿ ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ಬಿಸಿಯೇರಿದ ಎಂಜಿನ್ ಬೇಕು, ಹತ್ತರಿಂದ ಇಪ್ಪತ್ತು ನಿಮಿಷ ಬಿಡದ ಓಟ ಬೇಕು. ಮೂರು ಕಿ.ಮೀ. ಹೋಗಿ ಒಂದು ನಲ್ಲಿ ಸರಿಮಾಡಿ, ಅಲ್ಲಿಂದ ಎರಡು ಕಿ.ಮೀ. ಹೋಗಿ ಇನ್ನೊಂದು ಮನೆ ಮುಟ್ಟುವ ವ್ಯಾನಿಗೆ ಇದು ಸಿಗುವುದೇ ಇಲ್ಲ. ಸುಡುವ ಕೆಲಸ ಶುರುವಾಗುತ್ತದೆ, ಅರ್ಧಕ್ಕೇ ಕೀ ತಿರುಗುತ್ತದೆ. ಮರುದಿನ ಮತ್ತೆ ಅದೇ.

ಇದರಿಂದ ಆಗುವ ಎರಡನೆಯ ಹಾನಿ ಕಣ್ಣಿಗೆ ಕಾಣುವುದಿಲ್ಲ. ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್‌ನ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗಿ ಬೇರಿಂಗ್ ಮತ್ತು ಟರ್ಬೊ ಸವೆಯುತ್ತವೆ. ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿ. ಮಟ್ಟ ಇಳಿದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಮೇಲಿನ ಗೆರೆ ದಾಟಿ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಆಯಿಲ್ ಹೆಚ್ಚಿದೆಯೆಂದು ಖುಷಿಪಡುವ ವಿಷಯವಲ್ಲ. ಕೂಡಲೇ ಆಯಿಲ್ ಬದಲಿಸಬೇಕು.

ಹಾಗಾದರೆ ಮಾಡಬೇಕಾದ್ದೇನು? ವಾರಕ್ಕೊಂದು ಸಲವಾದರೂ 25–30 ನಿಮಿಷ ಹೆದ್ದಾರಿಯಲ್ಲಿ, ಒಂದು ಗೇರ್ ಕೆಳಗಿಟ್ಟು, ಎಂಜಿನ್ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೇಲಿರುವಂತೆ ಓಡಿಸಿ. ನಿಂತಾಗ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ತಿರುಗುವ ವೇಗ) ಮಾಮೂಲಿಗಿಂತ ಮೇಲಿದ್ದರೆ, ಆರಿಸಿದ ಮೇಲೂ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ಲೋಹದ ವಾಸನೆ ಬಂದರೆ ಸುಡುವಿಕೆ ನಡೆಯುತ್ತಿರಬಹುದು. ಆಗ ಇನ್ನೊಂದು ಸುತ್ತು ಹೋಗಿಬನ್ನಿ. ಬಿಸಿ ಸೈಲೆನ್ಸರ್ ಕೆಳಗೆ ಒಣಹುಲ್ಲು ಇರುವ ಕಡೆ ಮಾತ್ರ ನಿಲ್ಲಿಸಬೇಡಿ. ಡಿಪಿಎಫ್ ದೀಪ ಹತ್ತಿಕೊಂಡ ದಿನವೇ ಈ ಓಟ ಮಾಡಿದರೆ ಬಹುಪಾಲು ಸಲ ಅಲ್ಲಿಗೇ ಮುಗಿಯುತ್ತದೆ. ಎಂಜಿನ್ ಶಕ್ತಿ ಕುಗ್ಗಿದ ಮೇಲೆ ಗ್ಯಾರೇಜೇ ಗತಿ. ಮಸಿ ಸುಟ್ಟರೂ ಬೂದಿ ಒಳಗೇ ಉಳಿಯುತ್ತದೆ. ಕೈಪಿಡಿಯಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಅಗ್ಗದ್ದು ಹಾಕಿದರೆ ಆ ಬೂದಿ ಬೇಗ ತುಂಬುತ್ತದೆ, ಅದನ್ನು ಯಾವ ಹೆದ್ದಾರಿ ಓಟವೂ ತೆಗೆಯದು. ಫಿಲ್ಟರ್ ಬಿಚ್ಚಿ ತೊಳೆಸಬೇಕು, ಇಲ್ಲವೇ ಬದಲಿಸಬೇಕು. ಫಿಲ್ಟರನ್ನೇ ಕಿತ್ತುಹಾಕಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಅನೇಕ ದೇಶಗಳಲ್ಲಿ ಅದು ಕಾನೂನುಬಾಹಿರ, ನಿಮ್ಮದೇ ಬೀದಿಯ ಜನ ಉಸಿರಾಡುವ ಗಾಳಿಗೂ ಕೇಡು.

ಊರೊಳಗಿನ ಓಡಾಟವೇ ಹೆಚ್ಚಾಗಿದ್ದರೆ ಕೈಪಿಡಿಯಲ್ಲಿ ದೊಡ್ಡದಾಗಿ ಬರೆದಿರುವ ಸರ್ವಿಸ್ ಅಂತರವನ್ನು ನಂಬಬೇಡಿ. ಅದೇ ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆಂದು ಬೇರೆ ಪಟ್ಟಿ ಇರುತ್ತದೆ: ಚಿಕ್ಕ ಓಡಾಟ, ದೂಳು, ಭಾರ, ಹೆಚ್ಚು ಐಡ್ಲಿಂಗ್. ಕಸುಬಿನ ವ್ಯಾನ್ ಈ ನಾಲ್ಕಕ್ಕೂ ಸೇರುತ್ತದೆ. ಪಟ್ಟಿ ಇಲ್ಲದಿದ್ದರೆ ಹೇಳಿದ ಅಂತರದ ಅರ್ಧಕ್ಕೇ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಎಂಜಿನ್ನಿಗೆ ಮಾಡುವ ಖರ್ಚಿನಲ್ಲಿ ಇದರಷ್ಟು ಲಾಭದ್ದು ಇನ್ನೊಂದಿಲ್ಲ. ಡೀಸೆಲ್ ಫಿಲ್ಟರಿನಲ್ಲಿ ನೀರು ಇಳಿಸುವ ತಿರುಪಿದ್ದರೆ ಸರ್ವಿಸ್ ಹೊತ್ತಿಗೆ ಇಳಿಸಿ. ನೀರು ಒಳಹೋದರೆ ಇಂಜೆಕ್ಟರ್‌ಗಳು ತುಕ್ಕು ಹಿಡಿಯುತ್ತವೆ. ಹೊಗೆಯ ವಿಷಾನಿಲ ತಗ್ಗಿಸುವ ಯೂರಿಯಾ ದ್ರವಕ್ಕೆ ಬೇರೆ ಟ್ಯಾಂಕ್ ಇರುವ ವ್ಯಾನಿನಲ್ಲಿ ಮುಚ್ಚಳ ಗಮನಿಸಿ ತುಂಬಿಸಿ: ಡೀಸೆಲ್ ಟ್ಯಾಂಕಿಗೆ ಅದು ಬಿದ್ದರೆ ಕೀ ಮುಟ್ಟದೆ ಎಳೆಸಿಕೊಂಡು ಹೋಗುವುದೇ ಸರಿ.

ಟೈಮಿಂಗ್ ಬೆಲ್ಟ್

ಪಿಸ್ಟನ್‌ಗಳ ಓಟಕ್ಕೆ ಹೊಂದುವಂತೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಈ ಬೆಲ್ಟಿಗೆ ಕಿಲೋಮೀಟರ್ ಮಿತಿಯೂ ಇದೆ, ವರ್ಷದ ಮಿತಿಯೂ ಇದೆ. ಯಾವುದು ಮೊದಲೋ ಅದು. ಕಡಿಮೆ ಓಡುವ ವ್ಯಾನಿನವರು ಮರೆಯುವುದು ವರ್ಷದ ಮಿತಿಯನ್ನೇ. ಬಹುತೇಕ ಡೀಸೆಲ್ ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಲೇಬೇಕು. ಬದಲಿಸುವಾಗ ಬೆಲ್ಟನ್ನು ಬಿಗಿಹಿಡಿಯುವ ಟೆನ್ಷನರ್, ಅದು ಸುತ್ತಿಹೋಗುವ ಐಡ್ಲರ್ ರೋಲರ್‌ಗಳು, ಬೆಲ್ಟೇ ತಿರುಗಿಸುವ ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೆ ಹಾಕಿಸಿ. ಕೂಲಿ ಒಂದೇ, ಮತ್ತೆ ಬಿಚ್ಚುವ ಕೆಲಸ ತಪ್ಪುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ಓಡುತ್ತದೆ. ಅಲ್ಲಿ ತಪ್ಪು ಆಯಿಲ್ ಅಥವಾ ಡೀಸೆಲ್ ಬೆರೆತ ಆಯಿಲ್ ರಬ್ಬರನ್ನು ಕರಗಿಸಿ, ಆ ಚೂರುಗಳು ಎಂಜಿನ್ ತಳದ ಆಯಿಲ್ ತಟ್ಟೆಯ (ಸಂಪ್) ಜಾಲರಿಯನ್ನು ಮುಚ್ಚಿ, ಆಯಿಲ್ ಒತ್ತಡವನ್ನೇ ಬೀಳಿಸುತ್ತವೆ. ಅಂಥ ಎಂಜಿನ್ ಇರುವವರು ಆಯಿಲ್ ವಿಷಯದಲ್ಲಿ ಒಂದಿಷ್ಟೂ ರಾಜಿ ಮಾಡಿಕೊಳ್ಳಬಾರದು.

ಬ್ಯಾಟರಿ

ಬೆಳಿಗ್ಗೆ ವ್ಯಾನ್ ಸ್ಟಾರ್ಟ್ ಆಗಲಿಲ್ಲವೆಂದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಹತ್ತಾರು ಸಲ ಸ್ಟಾರ್ಟ್ ಮಾಡಿ ಚಿಕ್ಕ ಚಿಕ್ಕ ದೂರ ಓಡಿಸಿದರೆ ಅದು ಪೂರ್ತಿ ತುಂಬುವುದೇ ಇಲ್ಲ. ಅದರ ಮೇಲೆ ಡ್ರಿಲ್ ಬ್ಯಾಟರಿಗಳ ಚಾರ್ಜರ್, ಒಳಗಿನ ದೀಪ, ರೇಡಿಯೊ. ಮಲ್ಟಿಮೀಟರ್ ಹಿಡಿಯಿರಿ: ರಾತ್ರಿಯೆಲ್ಲ ನಿಂತ ವ್ಯಾನಿನಲ್ಲಿ 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.2ಕ್ಕಿಂತ ಕೆಳಗಿದ್ದರೆ ಚಾರ್ಜರಿಗೆ ಹಾಕಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7 ಬರಬೇಕು, ಹೊಸ ವ್ಯಾನ್‌ಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಕೊಂಚ ಏರಿಳಿಯಬಹುದು.

ಇನ್ವರ್ಟರ್ ಹಾಕಿಸುವವರು ಒಂದು ಲೆಕ್ಕ ತಿಳಿದಿರಬೇಕು. 1,000 ವಾಟ್ ಯಂತ್ರ 12 ವೋಲ್ಟ್‌ನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟರ್ ಬ್ಯಾಟರಿ ಇಂಥ ಆಳದ ಖಾಲಿಯಾಗುವಿಕೆಗೆ ಮಾಡಿದ್ದಲ್ಲ, ಕೆಲವೇ ಸಲಕ್ಕೆ ಸತ್ತುಹೋಗುತ್ತದೆ. ಆಳದ ಖಾಲಿಯಾಗುವಿಕೆ ತಾಳುವ ಬೇರೆ ಡೀಪ್ ಸೈಕಲ್ ಬ್ಯಾಟರಿ, ವ್ಯಾನ್ ಓಡುವಾಗ ಅದನ್ನು ತುಂಬಿಸಲು ಒಂದು ಡಿಸಿ–ಡಿಸಿ ಚಾರ್ಜರ್, ಎರಡೂ ಬ್ಯಾಟರಿಯ ಬುಡದಲ್ಲಿ ಫ್ಯೂಸ್: ಇಷ್ಟಿಲ್ಲದೆ ಇನ್ವರ್ಟರ್ ಬೇಡ.

ಬ್ರೇಕ್, ಕ್ಲಚ್, ಬಾಗಿಲು

ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಇಳಿದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದು ಬೇಕು. ಇಲ್ಲದಿದ್ದರೆ ಹೊರೆ ಹೊತ್ತು ಘಾಟಿ ಇಳಿಯುವಾಗ ಕುದಿದು ಪೆಡಲ್ ಮೆತ್ತಗಾಗುತ್ತದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಚಕ್ರದ ಕಡೆಯಿಂದ ಗುಂಯ್‌ಗುಡುವ ಸದ್ದು ತಿರುವಿನಲ್ಲಿ ಬದಲಾದರೆ ಬೇರಿಂಗ್. ಜಾರುಬಾಗಿಲಿನ ಹಳಿಯಿಂದ ಮರದ ಹುಡಿ, ಸಿಮೆಂಟ್ ದೂಳು ತಿಂಗಳಿಗೊಮ್ಮೆ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಗ್ರೀಸ್ ಹಚ್ಚಿದರೆ ದೂಳು ಅಂಟಿ ರೋಲರ್ ಸವೆಯುತ್ತದೆ.

ಖರ್ಚಿನ ಲೆಕ್ಕ ಹೀಗೆ ಇಡಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಬೇಡಿ. ಪ್ರತಿ ಸಲ ಟ್ಯಾಂಕ್ ಪೂರ್ತಿ ತುಂಬಿಸಿ; ಹಿಂದಿನ ಸಲದಿಂದ ಓಡಿದ ಕಿ.ಮೀ.ಯನ್ನು ಈಗ ಹಿಡಿಸಿದ ಲೀಟರಿನಿಂದ ಭಾಗಿಸಿ ಬರೆದಿಡಿ. ವರ್ಷಕ್ಕೆ 20,000 ಕಿ.ಮೀ. ಓಡುವ ವ್ಯಾನ್ ಲೀಟರಿಗೆ 12 ಕಿ.ಮೀ. ಕೊಟ್ಟರೆ 1,667 ಲೀಟರ್ ಬೇಕು. 11ಕ್ಕೆ ಇಳಿದರೆ 1,818. ಒಂದೇ ಒಂದು ಕಿ.ಮೀ. ಇಳಿಕೆಗೆ 151 ಲೀಟರ್! ಅಂಥ ಇಳಿಕೆ ಕಂಡಾಗ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕ್, ಏರ್ ಫಿಲ್ಟರ್, ಪದೇ ಪದೇ ನಡೆಯುವ ಡಿಪಿಎಫ್ ಸುಡುವಿಕೆ, ಈ ಕ್ರಮದಲ್ಲಿ ಹುಡುಕಿ. ವೇಗವೂ ಲೆಕ್ಕಕ್ಕೆ ಬರುತ್ತದೆ: ಗಂಟೆಗೆ 90ರ ಬದಲು 110 ಕಿ.ಮೀ.ಯಲ್ಲಿ ಹೋದರೆ ಎದುರುಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಬೇಡದ ದಿನ ಏಣಿ ಇಳಿಸಿಡಿ.

ಮುಂದೆ ಬರುವ ದೊಡ್ಡ ಖರ್ಚುಗಳನ್ನು ಕಿ.ಮೀ.ಗೆ ಹಂಚಿ. ಟೈರಿನ ಸೆಟ್ 40,000 ಕಿ.ಮೀ. ಬಾಳಿದರೆ ಬೆಲೆಯನ್ನು ಅದರಿಂದ ಭಾಗಿಸಿ. ಬೆಲ್ಟ್, ಕ್ಲಚ್, ಬ್ಯಾಟರಿಗೂ ಹಾಗೆಯೇ. ಆ ಮೊತ್ತವನ್ನು ತಿಂಗಳು ತಿಂಗಳೂ ಬೇರೆ ಖಾತೆಗೆ ಹಾಕಿದರೆ ಗ್ಯಾರೇಜಿನ ಬಿಲ್ಲು ಬಂದ ದಿನ ಸಾಲ ಮಾಡಬೇಕಿಲ್ಲ. ವಿಮೆ, ತೆರಿಗೆ, ಕಂತಿನ ಬಡ್ಡಿ ಮತ್ತು ವರ್ಷದಲ್ಲಿ ಮಾರಾಟದ ಬೆಲೆ ಎಷ್ಟು ಇಳಿಯಿತು ಎಂಬುದನ್ನು ವರ್ಷದ ಕಿ.ಮೀ.ಯಿಂದ ಭಾಗಿಸಿ ಸೇರಿಸಿ. ಗಿರಾಕಿಗೆ ದರ ಹೇಳುವಾಗ ಓಡಾಟದ ಖರ್ಚು ಎಂದು ಹಿಡಿಯಬೇಕಾದದ್ದು ಈ ಪೂರ್ತಿ ಮೊತ್ತವನ್ನು, ಬರೀ ಡೀಸೆಲನ್ನಲ್ಲ.

ಪುಸ್ತಕದಲ್ಲಿ ಇನ್ನೊಂದು ಕಾಲಂ ಇರಲಿ: ವ್ಯಾನ್ ಇಲ್ಲದೆ ಕಳೆದ ದಿನಗಳು. ಹೇಳದೆ ಕೇಳದೆ ನಿಂತ ದಿನಕ್ಕೆ ಆ ದಿನದ ದುಡಿಮೆ, ಎಳೆಸಿದ ಕೂಲಿ, ಬಾಡಿಗೆ ವ್ಯಾನು ಎಲ್ಲ ಸೇರಿಸಿ ಬರೆಯಿರಿ. ಹಳೆಯ ವ್ಯಾನ್ ಇಟ್ಟುಕೊಳ್ಳಬೇಕೇ ಮಾರಬೇಕೇ ಎಂಬುದಕ್ಕೆ ಈ ಕಾಲಮ್ಮೇ ಉತ್ತರ. ಒಂದು ದೊಡ್ಡ ರಿಪೇರಿ ಬಂತೆಂದು ಮಾರುವುದು ದುಡುಕು. ಹೊಸ ಕ್ಲಚ್ ಹಾಕಿದ ವ್ಯಾನ್ ಮುಂದಿನ ಹಲವು ವರ್ಷ ದುಡಿಯಬಲ್ಲದು. ಆದರೆ ನಿಂತ ದಿನಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದು, ಅವುಗಳ ನಷ್ಟ ಮತ್ತು ರಿಪೇರಿ ಎರಡೂ ಸೇರಿ ಬದಲಿ ವ್ಯಾನಿನ ವರ್ಷದ ಕಂತನ್ನು ದಾಟಿದರೆ ಹೊತ್ತು ಬಂದಿದೆ ಎಂದೇ ಅರ್ಥ.

ಬದಲಿಗೆ ಹಳೆಯ ವ್ಯಾನನ್ನೇ ಕೊಳ್ಳುವುದಾದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೀವೇ ಸ್ಟಾರ್ಟ್ ಮಾಡಿ. ಬಗ್ಗಿ ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಬಿರುಕಿದೆಯೇ ನೋಡಿ, ಹಿಂಬದಿ ಒಂದು ಕಡೆಗೆ ಕುಸಿದಿದ್ದರೆ ಹೊರೆ ಮೀರಿಸಿ ಓಡಿಸಿದ ವ್ಯಾನ್ ಇರಬಹುದು. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಕೈಲಿ ಡಿಪಿಎಫ್‌ನ ಮಸಿ ಮತ್ತು ಬೂದಿಯ ಮಟ್ಟ ಓದಿಸಿ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಾಯಿಮಾತಿನ ಭರವಸೆ ಬಿಟ್ಟು ಬೇರೇನೂ ಸಿಗದಿದ್ದರೆ ಬದಲಿಸಿಲ್ಲವೆಂದೇ ಹಿಡಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.